ಧರ್ಮಪ್ಪನ ಒಂದು ಕೂಗಳತೆ

ಬೆಂಗಳೂರಿನವರಿಗೆ ಒಂದು ಅಭ್ಯಾಸವಿದೆ. ಯಾರಿಗೂ ಗೊತ್ತಿಲ್ಲದ ಜಾಗ ಯಾವುದೆಂದು ಕಂಡ ಕಂಡವರನ್ನೆಲ್ಲ ಕೇಳುತ್ತಾರೆ. ಹಾಗೆ ಕೇಳುತ್ತ ಬಂದವರಲ್ಲಿ ಕೆಲವರು ಶೃಂಗೇರಿ, ಕಿಗ್ಗ ಎಲ್ಲ ಮುಗಿಸಿ ನಾರ್ವೆ ಎಂಬ ಊರಿನ ಆಚೆ, ಮಣ್ಣುರಸ್ತೆ ಶುರುವಾಗುವಲ್ಲಿ ಇರುವ ಮಹಮ್ಮದ್ ಶಫಿಯ ಚಾದಂಗಡಿಗೆ ಬಂದು ಮುಟ್ಟುತ್ತಾರೆ. ಅಂಗಡಿಯ ಬೆಂಚಿನ ಮೇಲೆ ಧರ್ಮಪ್ಪ ಕೂತಿರುತ್ತಾನೆ. ಮಜ್ಜಿಗೆ ಅಬ್ಬಿಗೆ ದಾರಿ ತೋರಿಸುವವನು ಅವನೇ.

ಅಬ್ಬಿ ಎಂದರೆ ಜಲಪಾತ. ಬೀಳುವ ನೀರು ಕಡೆದ ಮಜ್ಜಿಗೆಯಷ್ಟು ಬೆಳ್ಳಗಿರುವುದಕ್ಕೆ ಆ ಹೆಸರು. ಕೆಳಗೆ ಈಜುವಂಥ ಗುಂಡಿ, ಸುತ್ತ ಕೋಟೆಗೋಡೆಯಂಥ ಬಂಡೆ. ಗುಂಡಿಯಲ್ಲಿ ನಿಂತವರಿಗೆ ಮೇಲೆ ಹಪ್ಪಳದಗಲದ ಆಕಾಶ ಮಾತ್ರ ಕಾಣುತ್ತದೆ. ಅದರಲ್ಲಿ ಬಿಸಿಲಿರುವಾಗಲೇ ಹಿಂದಿನ ಗುಡ್ಡದ ಮೇಲೆ ಮಳೆ ಹೊಯ್ದರೂ ಅವರಿಗೆ ತಿಳಿಯುವುದಿಲ್ಲ. ಆ ನೀರು ಒಂದು ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತಿನಲ್ಲಿ ಇಳಿದು ಬರುತ್ತದೆ. ಆಗ ಮಜ್ಜಿಗೆ ಹೋಗಿ ಕಾಫಿಯಾಗುತ್ತದೆ. ಕಾಫಿಯಾದ ಮೇಲೆ ಹತ್ತುತ್ತೇನೆಂದರೆ ಹತ್ತಲು ಮೆಟ್ಟಿಲೇ ಇರುವುದಿಲ್ಲ. ಗುಡ್ಡದ ನೆತ್ತಿ ಕಾಣುವುದು ಶಫಿಯ ಅಂಗಡಿಯಿಂದ ಮಾತ್ರ.

ಧರ್ಮಪ್ಪ ನಲವತ್ತು ವರ್ಷ ಅಡಿಕೆ ಮರ ಹತ್ತಿ ಗೊನೆ ಇಳಿಸಿದವನು. ಅವನ ಹೆಸರು ಊರೂರಿಗೆ ಹಬ್ಬಿದ್ದು ಮಾತ್ರ ಗಂಟಲಿನಿಂದ. ಮನೆಗೂ ಮನೆಗೂ ನಡುವೆ ಒಂದೊಂದು ಗುಡ್ಡವಿರುವ ಈ ಸೀಮೆಯಲ್ಲಿ ಕರೆಯಬೇಕಾದರೆ ಕೂ ಹಾಕುತ್ತಾರೆ. ಕೇಳಿದವರು ಮರುಕೂ ಕೊಡಬೇಕು. ತಮಗಲ್ಲದ ಕೂ ಆದರೆ ಮುಂದಿನ ಮನೆಗೆ ದಾಟಿಸಬೇಕು. ಧರ್ಮಪ್ಪನ ಕೂವನ್ನು ದಾಟಿಸುವ ಕೆಲಸ ಯಾರಿಗೂ ಬಿದ್ದದ್ದಿಲ್ಲ. ಅವನು ನಾರ್ವೆಯಲ್ಲಿ ಕೂ ಹಾಕಿದರೆ ಅಡ್ಡಗದ್ದೆಯಲ್ಲಿ ಎಮ್ಮೆ ಹಗ್ಗ ಹರಿದುಕೊಳ್ಳುತ್ತಿತ್ತು, ಸೀತೂರಿನಲ್ಲಿ ನೆಂಟರು ಬಂದರೆಂದು ಇನ್ನೊಂದು ಪಾವು ಅಕ್ಕಿ ತೊಳೆಯುತ್ತಿದ್ದರು. ಒಂದು ವರ್ಷ ಅವನು ಹಾಕಿದ ಕೂ ಗುಡ್ಡಕ್ಕೆ ಬಡಿದು ವಾಪಸು ಬರುವಷ್ಟರಲ್ಲಿ ಊಟ ಮುಗಿಸಿ ಮಲಗಿದ್ದನಂತೆ. ಈಗಲೂ ದಿನಾ ಸಂಜೆ ಅಂಗಡಿ ಮುಂದೆ ನಿಂತು ಒಂದು ಕೂ ಹಾಕುತ್ತಾನೆ. ಅರ್ಧ ಗುಡ್ಡ ಆಚೆಯ ಮನೆಯಲ್ಲಿ ಹೆಂಡತಿ ಅನ್ನಮ್ಮ ಅದನ್ನು ಕೇಳಿ ಅನ್ನಕ್ಕೆ ಇಡುತ್ತಾಳೆ. ಅವನು ಹೋಗಿ ಕೈಕಾಲು ತೊಳೆಯುವಷ್ಟರಲ್ಲಿ ಬಿಸಿ ಅನ್ನ ತಯಾರು.

ಹೋದ ವರ್ಷದವರೆಗೂ ಬಂದವರ ಜೊತೆ ತಾನೂ ಇಳಿಯುತ್ತಿದ್ದ. ಈ ಅಕ್ಟೋಬರಿನಲ್ಲಿ ಮೊಣಕಾಲು ಹಲಸಿನಕಾಯಿಯಾಗಿ ಊದಿಕೊಂಡಿತ್ತು. ಭಾನುವಾರ ನಿತೀಶ್, ಕಾವ್ಯ ಎಂಬ ಗಂಡ ಹೆಂಡತಿ ಕಾರು ನಿಲ್ಲಿಸಿ ಇಳಿದಾಗ ಅವನು ಬೆಂಚು ಬಿಟ್ಟು ಏಳಲಿಲ್ಲ.

"ಎಷ್ಟು ದೂರ ಅಂಕಲ್?" ಎಂದಳು ಕಾವ್ಯ.

"ದೂರ ಎಂತದು. ಒಂದು ಕೂಗಳತೆ. ಕಾಲುದಾರಿ ಬಿಡಬೇಡಿ. ನಾನು ಇಲ್ಲಿ ಕೂತು ಗುಡ್ಡ ನೋಡ್ತಿರ್ತೀನಿ. ಕೂ ಕೇಳಿತು ಅಂದ್ರೆ ತಲೆಗೆ ಸೋಪು ಹಾಕಿದ್ರೂ ಹಾಗೇ ಹತ್ತಿ ಬಂದುಬಿಡ್ಬೇಕು. ಅಲ್ಲಿ ಫೋನು ನಡೆಯಲ್ಲ."

"ಕೇಳ್ಸುತ್ತಾ ಇಲ್ಲಿಂದ?"

ಧರ್ಮಪ್ಪ ಶಫಿಯ ಮುಖ ನೋಡಿ ನಕ್ಕ. ಶಫಿ ಹಾಲಿನ ಪಾತ್ರೆಯೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡತೊಡಗಿದ.

ಅವರು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಧರ್ಮಪ್ಪ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು ತಲೆ ಎತ್ತಿದರೆ ಗುಡ್ಡದ ನೆತ್ತಿಯೇ ಇರಲಿಲ್ಲ. ಇದ್ದಲ್ಲಿ ಇದ್ದಿಲು ಮೆತ್ತಿದಂಥ ಕಪ್ಪು. ಅಂಗಡಿ ಮುಂದೆ ಮಾತ್ರ ಬಿಸಿಲು ಹಲ್ಲು ಕಿರಿಯುತ್ತಿತ್ತು.

ಎಲೆಯಡಿಕೆ ಉಗಿದು ಕೂ ಹಾಕಿದ. ಮರುಕೂ ಇಲ್ಲ. ಇನ್ನೊಂದು ಹಾಕಿದ. ಬಿದಿರುಮೆಳೆಯಲ್ಲಿ ಒಂದು ಹಕ್ಕಿ ಸಹ ಹಾರಲಿಲ್ಲ.

"ಪೇಟೆಯವ್ರು ಮಾರಾಯ. ಕೇಳಿರುತ್ತೆ, ಮರುಕೂ ಕೊಡಕ್ಕೆ ಬರಲ್ಲ. ಹತ್ತುತ್ತಾ ಇರ್ತಾರೆ" ಎಂದ. ಹೇಳುತ್ತಲೇ ಕಾಲುದಾರಿಯ ಕಡೆ ನೋಡಿದ. ಆ ಹುಡುಗಿ ಚಪ್ಪಲಿ ಕೈಲಿ ಹಿಡಿದು ನಗುತ್ತ ಇಳಿದದ್ದು ಕಣ್ಣಿಗೆ ಕಟ್ಟಿತು.

ಶಫಿ ಗಾಜಿನ ಲೋಟ ಕೆಳಗಿಟ್ಟ. "ಧರ್ಮಪ್ಪಣ್ಣ, ಕೇಳಿರಲ್ಲ."

"ಯಾಕೆ ಕೇಳಿರಲ್ಲ?"

"ನಿಮ್ಮ ಕೂ ನಿಮ್ಮ ಮನೆಗೇ ಮುಟ್ಟಲ್ಲ. ಎರಡು ವರ್ಷ ಆಯ್ತು. ನೀವು ಕೂ ಹಾಕಿದ ಕೂಡ್ಲೆ ನಾನು ಅನ್ನಮ್ಮಕ್ಕನಿಗೆ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ಅವ್ರೇ ಹೇಳಿದ್ದು. ನಿಮಗೆ ಬೇಜಾರಾಗುತ್ತೆ, ಹೇಳ್ಬೇಡ ಅಂತ."

ಬೇರೆ ದಿನವಾಗಿದ್ದರೆ ಧರ್ಮಪ್ಪ ಈ ಮಾತಿಗೆ ಆರು ತಿಂಗಳು ಮಾತು ಬಿಡುತ್ತಿದ್ದ. ಅಂದು ಸಿಟ್ಟು ಮಾಡಿಕೊಳ್ಳಲೂ ಹೊತ್ತಿರಲಿಲ್ಲ. ನಾಲಿಗೆಯ ಮೇಲೆ ಇನ್ನೂ ಸುಣ್ಣದ ಉರಿಯಿತ್ತು. ಅದು ಆರುವಷ್ಟರಲ್ಲಿ ನೀರು ಬರಬೇಕು. ಅವನ ಕಾಲಿನಲ್ಲಿ ಇಳಿದರೆ ಮುಂದಿನ ಭಾನುವಾರ ಮುಟ್ಟಬಹುದು. ಶಫಿ ಓಡಿದರೂ ಅರ್ಧ ದಾರಿಯಷ್ಟೇ.

"ಅದೇ ಫೋನು ಮಾಡು" ಎಂದ. "ಅವಳು ಹಿತ್ತಿಲಲ್ಲಿ ನಿಂತು ಪುಟ್ಟಪ್ಪನ ಮನೆಗೆ ಕೂ ಹಾಕ್ಲಿ. ಪುಟ್ಟಪ್ಪ ದಾಟಿಸ್ಲಿ."

ಪುಟ್ಟಪ್ಪನ ಮನೆ ಅಬ್ಬಿಯ ನೆತ್ತಿಯ ಬಂಡೆ ಪಕ್ಕದಲ್ಲೇ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಶಫಿ ಒತ್ತಿದ. ಆ ಕಡೆ ಗಂಟೆ ಬಡಿಯಿತು, ನಿಂತಿತು. ಎರಡು ವರ್ಷದ ರೂಢಿ: ಅನ್ನಮ್ಮ ಶಫಿಯ ಫೋನನ್ನು ಎತ್ತುವುದಿಲ್ಲ, ಕಟ್ ಮಾಡಿ ಅಕ್ಕಿ ತೊಳೆಯಲು ಹೋಗುತ್ತಾಳೆ.

"ಅಯ್ಯೋ, ಅನ್ನಕ್ಕೆ ಇಡಕ್ಕೆ ಹೋದ್ರು" ಎಂದ ಶಫಿ, ಬೆವರುತ್ತ.

"ಮತ್ತೆ ಒತ್ತು."

ಮತ್ತೆ ಕಟ್ಟಾಯಿತು. ಮೂರನೆಯ ಸಲಕ್ಕೆ ಅವಳು ಎತ್ತಿ, "ಎಂತ ಶಫಿ, ಇನ್ನೂ ಮೂರು ಗಂಟೆ. ಈಗ್ಲೇ ಹಸಿವಾಯ್ತಾ ಅವ್ರಿಗೆ?" ಎಂದಳು.

ಧರ್ಮಪ್ಪ ಫೋನು ಕಿತ್ತುಕೊಂಡು ಹೇಳಿದ. ಫೋನಿನಲ್ಲೇ ಹಿತ್ತಿಲ ಬಾಗಿಲು ಕಿರುಗುಟ್ಟಿದ್ದು ಕೇಳಿತು, ಆಮೇಲೆ ಕೂ. ಗಂಡನ ಗಂಟಲಿನ ಮುಂದೆ ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹೆಂಗಸು ಅದು. ಶಫಿಯ ಅಲಮಾರಿನ ಬಿಸ್ಕತ್ತಿನ ಡಬ್ಬಿಗಳು ಅದಿರಿದವು ಎಂದು ಆಮೇಲೆ ಅವನು ಎಲ್ಲರಿಗೂ ಆಣೆ ಹಾಕಿ ಹೇಳಿದ.

ಧರ್ಮಪ್ಪ ಕಾಯಲಿಲ್ಲ. ಶಫಿಯ ಹೆಗಲು ಹಿಡಿದು ಕಾಲುದಾರಿ ಇಳಿದ. ಹೆಜ್ಜೆಗೊಮ್ಮೆ ನಿಂತು ಕಿವಿಗೊಟ್ಟ. ಕೆಳಗೆ ಹಳ್ಳದ ಸದ್ದು ದಪ್ಪವಾಗುತ್ತಿತ್ತು. ಮೊಣಕಾಲಿನ ನೋವು ಅವನಿಗೆ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಅರ್ಧ ದಾರಿಯಲ್ಲಿ ಮರದ ಸಂದಿಯಿಂದ ಹಳ್ಳ ಕಂಡಿತು. ಕಾಫಿ.

ಅವನು ಅಲ್ಲೇ ಕೂತುಬಿಟ್ಟ. "ಒಂದು ಕೂಗಳತೆ ಅಂದ್ಬಿಟ್ಟೆ ಶಫಿ" ಎಂದ.

ಅಷ್ಟರಲ್ಲಿ ತಿರುವಿನಲ್ಲಿ ಒದ್ದೆ ಬಟ್ಟೆಯ ಇಬ್ಬರು ನಾಲ್ಕು ಕಾಲಿನಲ್ಲಿ ಹತ್ತುತ್ತ ಬಂದರು. ನಿತೀಶನ ಒಂದು ಶೂ ಇಲ್ಲ. ಕಾವ್ಯಳ ಕಾಲಿನಲ್ಲಿ ಜಿಗಣೆ ಇಳಿಬಿದ್ದಿದ್ದವು.

"ಕೂ ಕೇಳ್ತು ಅಂಕಲ್" ಎಂದಳು, ಉಸಿರು ಸಿಕ್ಕಿದ ಮೇಲೆ. "ತಲೆ ಮೇಲೇ ಕೂಗಿದ ಹಾಗಿತ್ತು. ಹತ್ತಿ ತಿರುಗಿ ನೋಡಿದ್ರೆ ನಾವು ಕೂತಿದ್ದ ಬಂಡೆ ಇರ್ಲಿಲ್ಲ. ಇಷ್ಟು ದೂರದಿಂದ ಹೇಗೆ ಕೂಗಿದ್ರಿ?"

ಶಫಿ ಧರ್ಮಪ್ಪನ ಮುಖ ನೋಡಿದ. ಧರ್ಮಪ್ಪ ತಲೆ ಅಲ್ಲಾಡಿಸಿದ.

"ನಾನಲ್ಲಮ್ಮ. ನನ್ನ ಹೆಂಡತಿ ಕೂಗಿ, ಪುಟ್ಟಪ್ಪ ದಾಟ್ಸಿದ್ದು. ನನ್ನದು ಅಂಗಡಿ ಅಂಗಳ ದಾಟಲ್ಲ."

ಆ ದಿನದಿಂದ ಅವನು ದಾರಿ ಕೇಳಿದವರಿಗೆ ಮೂರು ಕೂಗಳತೆ ಎನ್ನುತ್ತಾನೆ. ಮೊದಲು ಅನ್ನಮ್ಮನಿಗೆ ಫೋನು ಹೋಗುತ್ತದೆ, ಅವಳ ಕೂವಿಗೆ ಪುಟ್ಟಪ್ಪ ಮರುಕೂ ಕೊಟ್ಟ ಮೇಲೇ ಬಂದವರನ್ನು ಕೆಳಗೆ ಬಿಡುತ್ತಾನೆ. ಅಂದು ಸಂಜೆ ಕಾರು ಹೋದ ಮೇಲೆ ಅವನು ಎಂದಿನಂತೆ ಅಂಗಡಿ ಮುಂದೆ ನಿಂತು ಒಂದು ಕೂ ಹಾಕಿದ. ಶಫಿ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಅತ್ತ ಇತ್ತ ನೋಡುತ್ತಿದ್ದ.

"ಒತ್ತು ಮಾರಾಯ" ಎಂದ ಧರ್ಮಪ್ಪ. "ಅನ್ನ ಆಗ್ಬೇಕಲ್ಲ."