ಹೊಗೆಯ ಹಕ್ಕು

ಹವಾಮಾನ ಬದಲಾವಣೆಯ ಜಾಗತಿಕ ಸಮ್ಮೇಳನ ಎಂಬ ಸುದ್ದಿ ಕೇಳಿದರೆ ನನಗೆ ಈಗೀಗ ಆಕಳಿಕೆ ಬರುತ್ತದೆ. ಭೂಮಿಯ ಚಿಂತೆ ಇಲ್ಲವೆಂದಲ್ಲ. ಅಲ್ಲಿ ನಡೆಯುವ ಜಗಳವನ್ನು ನಮ್ಮ ಬಾಗಲಗುಂಟೆಯ ಬೀದಿಯಲ್ಲೇ ಪೂರ್ತಿ ಕೇಳಿಬಿಟ್ಟಿದ್ದೇನೆ.

ಪೀಣ್ಯದ ಕಾರ್ಖಾನೆಯಿಂದ ನಿವೃತ್ತನಾದ ಹೊಸತು. ಯಾವುದೋ ಚಳಿದೇಶದಲ್ಲಿ ಅಂಥದೊಂದು ಸಮ್ಮೇಳನ ನಡೆದಿತ್ತು. ತಲೆಮಾರುಗಟ್ಟಲೆ ಹೊಗೆಯುಗುಳಿ ಸಾಹುಕಾರರಾದವರು ಮೊದಲು ನಿಲ್ಲಿಸಲಿ, ಈಗ ತಾನೇ ಒಲೆ ಹಚ್ಚಿದ ನಮಗೇಕೆ ಉಪದೇಶ ಎಂದು ನಮ್ಮ ಪ್ರತಿನಿಧಿ ವಾದಿಸಿದ್ದನ್ನು ಟೀವಿಯಲ್ಲಿ ನೋಡಿ ‘ಶಭಾಷ್’ ಎಂದಿದ್ದೆ.

ಮರುದಿನ ಬೆಳಗ್ಗೆ ಎದುರುಮನೆಯ ಗಂಗಣ್ಣ ಎಂದಿನಂತೆ ಬೀದಿಮರದ ಎಲೆ, ಪ್ಲಾಸ್ಟಿಕ್ ಎಲ್ಲ ಗುಡ್ಡೆ ಹಾಕಿ ಬೆಂಕಿಯಿಟ್ಟರು. ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲಿರುವ ಮನೆತನ ಅವರದು. ಹೊಗೆ ನೇರ ನಮ್ಮ ಅಡುಗೆಮನೆಗೆ ಬಂತು. ಹೋಗಿ, ವಾತಾವರಣ ಕೆಡುತ್ತದೆ, ಸುಡಬೇಡಿ ಎಂದೆ.

“ಸಾರ್, ನಿಮ್ ಫ್ಯಾಕ್ಟ್ರಿ ಚಿಮಣಿ ನಮ್ ಒಲದ ಮ್ಯಾಲೆ ಎಷ್ಟು ವರ್ಸ ಒಗೆ ಬಿಡ್ತು? ಅವಾಗ ನಾವು ಬಂದು ಕೇಳಿದ್ವಾ? ಈಗ ನಾನು ನಾಕು ಎಲೆ ಸುಟ್ರೆ ವಾತಾವರಣ ಕೆಟ್ಟೋಯ್ತಾ?”

ಹಿಂದಿನ ಸಂಜೆ ನಾನು ಮೆಚ್ಚಿದ್ದೂ ಇದೇ ವಾದವನ್ನಲ್ಲವೇ! ವಾಪಸು ಬಂದು ಅಡುಗೆಮನೆಯ ಕಿಟಕಿ ಮುಚ್ಚಿದೆ.

ಆಮೇಲೆ ಬೀದಿಯವರ ಸಭೆ ಸೇರಿತು. ಕಾಫಿ, ಕೋಡುಬಳೆ ಆಯಿತು. ಎಲ್ಲರೂ ಕಳವಳ ವ್ಯಕ್ತಪಡಿಸಿದರು. ಕಸದ ಲಾರಿ ಸರಿಯಾಗಿ ಬರಲಿ ಎಂದರು ಕೆಲವರು. ಮೊದಲು ಪಕ್ಕದ ಬೀದಿಯವರು ನಿಲ್ಲಿಸಲಿ ಎಂದರು ಉಳಿದವರು. ಮತ್ತೆ ಸೇರುವುದೆಂದು ಒಮ್ಮತದಿಂದ ತೀರ್ಮಾನವಾಯಿತು. ಸೇರಿದೆವು ಕೂಡ. ಕೋಡುಬಳೆ ಹೋಗಿ ಚಕ್ಕುಲಿ ಬಂತು, ಹೊಗೆ ಹೋಗಲಿಲ್ಲ.

ಒಂದು ಬೆಳಗ್ಗೆ, ಗಂಗಣ್ಣನವರ ಮಹಡಿಯಲ್ಲಿ ಬಾಡಿಗೆಗಿದ್ದ ಜಯಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟವಳು ಆ ಹೊಗೆಗೆ ಉಸಿರು ಕಟ್ಟಿ ಮೆಟ್ಟಿಲ ಮೇಲೆ ಕುಸಿದಳು. ಗಂಗಣ್ಣ ಬಿಂದಿಗೆ ನೀರು ತಂದು ಬೆಂಕಿಗೆ ಸುರಿದು, ಆಟೋ ಕೂಗಿ, ತಾವೇ ಆಸ್ಪತ್ರೆಗೆ ಕರೆದೊಯ್ದರು. ಸಂಜೆಗೆ ಅವಳು ಸುಧಾರಿಸಿಕೊಂಡು ಮನೆಗೆ ಬಂದಳು. ಗಂಗಣ್ಣನವರ ಮುಖ ಮಾತ್ರ ಇನ್ನೂ ಬಿಳಿಚಿಕೊಂಡಿತ್ತು.

ಅವರು ಮತ್ತೆ ಬೆಂಕಿ ಹಚ್ಚಲಿಲ್ಲ. ನಾನೇ ಗೆದ್ದವನಂತೆ ಬೀಗುತ್ತಿರುವಾಗ, ಒಂದು ಭಾನುವಾರ ಎಲೆಯ ಮೂಟೆ ಹೊತ್ತು ನಮ್ಮ ಗೇಟಿನಲ್ಲಿ ನಿಂತರು.

“ನಾನು ನಿಲ್ಸಿದೀನಿ ಸಾರ್. ಪ್ಲಾಸ್ಟಿಕ್ ಗುಜರಿಯೋನು ತಗೊಂಡೋಯ್ತಾನೆ. ಈ ಎಲೆ ಎಲ್ಲಾಕ್ಲಿ? ನಮ್ಮನೇಲಿ ಒಂದಡಿ ಮಣ್ಣಿಲ್ಲ.”

ನಮ್ಮಲ್ಲಿ ಮಣ್ಣಿತ್ತು. ನನ್ನ ನಿವೃತ್ತಿಯ ನೆಮ್ಮದಿಯೆಲ್ಲ ಅಲ್ಲಿ ಗುಲಾಬಿಯಾಗಿ ನಿಂತಿತ್ತು. ಗಡ್ಡ ಕೆರೆದುಕೊಂಡೆ.

“ಏನ್ರೀ, ಇನ್ನೊಂದು ಮೀಟಿಂಗ್ ಕರೀತೀರಾ?” ಅಂದಳು ಹೆಂಡತಿ.

ಗುದ್ದಲಿ ತಂದೆ. ಗುಲಾಬಿಗಳನ್ನು ಕುಂಡಕ್ಕೆ ಸಾಗಿಸಿ, ಗಂಗಣ್ಣನೂ ನಾನೂ ಗೊಬ್ಬರದ ಗುಂಡಿ ತೋಡಲು ನಿಂತೆವು. ಇಬ್ಬರಿಗೂ ವಯಸ್ಸಾಗಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ಯಾರು ಎಷ್ಟು ಅಗೆಯಬೇಕು ಎಂಬ ಮಾತು ಮಾತ್ರ ಏಳಲೇ ಇಲ್ಲ. ಸುಸ್ತಾದವನು ಗುದ್ದಲಿಯನ್ನು ಇನ್ನೊಬ್ಬನ ಕೈಗೆ ಕೊಡುತ್ತಿದ್ದ, ಅಷ್ಟೆ.