ಟಚ್ಚು, ಫೀಲು, ಒಂದು ಕೊಪ್ಪರಿಗೆ ಬೆಲ್ಲ

ಹೋದ ತಿಂಗಳು ಅಪ್ಪನನ್ನು ಮಣ್ಣು ಮಾಡುವ ಮುಂಚೆ ಅವನ ಬಲಗೈ ಹಿಡಿದು ಕೂತಿದ್ದೆ. ಹೆಬ್ಬೆರಳು, ತೋರುಬೆರಳಿನ ತುದಿ ಆಗಲೂ ಕಲ್ಲಿನಂತೆ ಗಟ್ಟಿ. ಆಲೆಮನೆಯಲ್ಲಿ ಆಯುಷ್ಯವೆಲ್ಲ ಬೆಲ್ಲದ ಹದ ನೋಡಿದ ಬೆರಳುಗಳು. ನನ್ನನ್ನು ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದವೂ ಅವೇ.

ಎಪ್ಪತ್ತರ ದಶಕದ ಮಾತು. ನಮ್ಮೂರು ಮದ್ದೂರಿನ ಹತ್ತಿರ. ಮಾರ್ಚಿನಲ್ಲಿ ನಾನು ಇಂಗ್ಲಿಷ್ ಒಂದರಲ್ಲಿ ಫೇಲಾಗಿದ್ದೆ. ಅಕ್ಟೋಬರಿನ ಪರೀಕ್ಷೆಯಲ್ಲೂ ಫೇಲಾದರೆ ಓದು ಬಿಡಿಸಿ ಮದುವೆ ಮಾಡುವುದೆಂದು ದೊಡ್ಡಪ್ಪ ತೀರ್ಮಾನಿಸಿ, ಹಲಗೂರಿನಲ್ಲಿ ಗಂಡನ್ನೂ ನೋಡಿಟ್ಟಿದ್ದ. ಅಪ್ಪ ಅಣ್ಣನಿಗೆ ಎದುರಾಡುವವನಲ್ಲ.

ಪರೀಕ್ಷೆಗೆ ನಾಲ್ಕು ದಿನವಿರುವಾಗ ಆಲೆಮನೆಗೆ ಊಟ ಒಯ್ದಿದ್ದೆ. ಹೊಗೆಗೆ ಅಪ್ಪನ ಕಣ್ಣು ಊದಿಕೊಂಡಿತ್ತು. "ನೀನೇ ಹದ ನೋಡವ್ವ" ಎಂದ. ಕುದಿಯುವ ಪಾಕವನ್ನು ಚೂರು ತಣ್ಣೀರಿನ ಬಟ್ಟಲಿಗೆ ಬಿಟ್ಟೆ. ಸುಟ್ಟೀತೆಂದು ಹೆದರಿ, ಬೆರಳು ತಾಗಿಸಿ ಎಳೆದುಕೊಂಡು, "ಬಂದದೆ ಕಣಪ್ಪ" ಅಂದೆ. ಕೊಪ್ಪರಿಗೆ ಇಳಿಸಿದರು. ಅಚ್ಚಿಗೆ ಹೊಯ್ದ ಬೆಲ್ಲ ಸಂಜೆಯಾದರೂ ಗಟ್ಟಿಯಾಗಲಿಲ್ಲ.

ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ದೊಡ್ಡಪ್ಪ, "ಇಂಗ್ಲೀಸೂ ಬರಾಕಿಲ್ಲ, ಬೆಲ್ಲನೂ ಬರಾಕಿಲ್ಲ. ಗಂಡನ ಮನೇಲಿ ಮುದ್ದೆನಾರ ಕಟ್ತಳಾ ಕೇಳ್ಲಾ ನಿನ್ ಮಗಳ್ನ" ಎಂದ.

ಅಪ್ಪ ಬೈಯಲಿಲ್ಲ. "ನೀನು ಮುಟ್ದೆ ಕಣವ್ವ, ಮುಟ್ಟಿ ನೋಡ್ನಿಲ್ಲ. ಮುಟ್ಟಕ್ಕೆ ಬೆಳ್ಳು ಸಾಕು. ನೋಡಕ್ಕೆ ಗ್ಯಾನ ಬೇಕು."

ಮರುದಿನ ಮತ್ತೆ ನನ್ನನ್ನೇ ಕೊಪ್ಪರಿಗೆಯ ಮುಂದೆ ನಿಲ್ಲಿಸಿದ. ನಾನು ಪಾಕವನ್ನು ನೀರಿನಲ್ಲಿ ಹೊರಳಿಸಿ ಹೊರಳಿಸಿ, ಅದು ಗೋಲಿಯಂತಾಗಿ ತಟ್ಟೆಗೆ ಹೊಡೆದರೆ ಟಣ್ ಎನ್ನುವವರೆಗೂ ಬಿಡಲಿಲ್ಲ. ಬೆರಳು ಬೊಬ್ಬೆ ಎದ್ದಿತು. ಬೆಲ್ಲ ಮಾತ್ರ ಅಚ್ಚಿನಿಂದ ಕಲ್ಲಿನಂತೆ ಬಿತ್ತು.

ಪರೀಕ್ಷೆ ಮಳವಳ್ಳಿಯಲ್ಲಿ. ಎರಡು ಅಂಕದ ಒಂದು ಪ್ರಶ್ನೆ: ಟಚ್, ಫೀಲ್, ಅರ್ಥದ ವ್ಯತ್ಯಾಸ ತಿಳಿಯುವಂತೆ ವಾಕ್ಯ ಮಾಡಿ. ನಾನು ಉರು ಹೊಡೆದಿದ್ದ ಗೈಡಿನಲ್ಲಿ ಎರಡಕ್ಕೂ 'ಮುಟ್ಟು' ಎಂದೇ ಇತ್ತು. ಪೆನ್ನು ಒತ್ತಿ ಹಿಡಿದಾಗ ಬೊಬ್ಬೆ ಚುರುಗುಟ್ಟಿತು. ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದೆ: ನಾನು ಬಿಸಿ ಬೆಲ್ಲವನ್ನು ಟಚ್ ಮಾಡಿದೆ, ಏನೂ ತಿಳಿಯಲಿಲ್ಲ. ಅಪ್ಪ ಅದನ್ನು ಫೀಲ್ ಮಾಡಿದ, ಹದ ತಿಳಿಯಿತು.

ಫಲಿತಾಂಶದ ದಿನ ನಾನು, ಅಪ್ಪ, ದೊಡ್ಡಪ್ಪ ಮೂವರೂ ಮದ್ದೂರಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಕೊಂಡೆವು. ನನ್ನ ನಂಬರಿತ್ತು! ಇಂಗ್ಲಿಷಿನಲ್ಲಿ ಪಾಸಿಗೆ ಬೇಕಾದ್ದಕ್ಕಿಂತ ಒಂದೇ ಅಂಕ ಹೆಚ್ಚೆಂದು ಆಮೇಲೆ ತಿಳಿಯಿತು. ಓದಲು ಬಾರದ ಅಪ್ಪ "ಎಲ್ಲವ್ವ?" ಎಂದು ಕೇಳಿ, ಆ ನಂಬರಿನ ಮೇಲೆ ಬೆರಳಿಟ್ಟು ಮಸಿ ಹರಡುವಷ್ಟು ಉಜ್ಜಿ ನೋಡಿದ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, ಹುಟ್ಟಿದಾಗಿನಿಂದ ಮೊದಲ ಸಲ ಅವನೆದುರು ಗಟ್ಟಿಯಾಗಿ ಹೇಳಿದ:

"ಹದ ಬಂದದೆ ಕಣಣ್ಣ! ಹಲಗೂರ್ನೋರ್ಗೆ ಬ್ಯಾಡ ಅಂದ್ಬುಡು. ನನ್ ಮಗಳು ಓದ್ತಳೆ."

ಬಸ್ಸಿನಲ್ಲಿದ್ದವರೂ ಕಿಟಕಿಯಿಂದ ಬಗ್ಗಿ ನೋಡಿದರು.

"ಆಯ್ತು ಬುಡ್ಲಾ, ಯಾಕಂಗೆ ಕಿರುಚ್ತೀಯೆ" ಎನ್ನುತ್ತ ದೊಡ್ಡಪ್ಪ ಹೋಗಿ ಮೂರು ವಡೆ ತಂದ. ದೊಡ್ಡದನ್ನು ನನ್ನ ಕೈಗಿಟ್ಟ.