ದನಿ ಕತ್ತರಿಸಿದ ವಿಡಿಯೊ

ಆರು ವರ್ಷ ನಾನು ಕಟ್ಟಿದ್ದನ್ನು ಒಬ್ಬ ಮನುಷ್ಯ ತನ್ನದು ಎಂದು ಹೇಳಿಕೊಂಡ. ಅವನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಿಬಿಡು ಎಂದು ಬುದ್ಧಿ ಹೇಳಲು ಬಂದವರನ್ನೂ ಪೂರ್ತಿ ಕ್ಷಮಿಸಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅವನ ಹೆಸರು ಬರೆದ ಹಾಗೆಯೇ ಆಗುತ್ತದೆ, ಅಷ್ಟು ಉಪಕಾರ ಅವನಿಗೆ ನನ್ನಿಂದಾಗದು. ಜರ್ಮನಿಯ ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಹೋಗಿಬರಬಹುದಾದ ಒಂದು ವಿಶ್ವವಿದ್ಯಾಲಯದ ಊರು ಎಂದರೆ ಸಾಕು.

ನಾನು ಅಲ್ಲಿಗೆ ಹೋದದ್ದು ಸೆರಾಮಿಕ್ಸ್‌ನಲ್ಲಿ ಪಿಎಚ್.ಡಿ ಮಾಡಲು. ಅದಕ್ಕೆ ಮುಂಚೆ ಮಂಡ್ಯದಲ್ಲಿ ಓದುವಾಗ ಏಳು ವರ್ಷ ಕಬಡ್ಡಿ ಆಡಿದವಳು, ಎಡಗಡೆಯ ಕಾರ್ನರ್. ರೈಡ್ ಮಾಡಲು ಬಂದವಳ ಹಿಮ್ಮಡಿ ಕೈಗೆ ಸಿಕ್ಕರೆ ನಾನು ಬಿಟ್ಟದ್ದು ಕಡಿಮೆ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ ದಢೂತಿ ಜರ್ಮನ್ ಹುಡುಗನೊಬ್ಬ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡು ಹಿಡಿದು, ಗುದ್ದಾಡಿಕೊಂಡು ಮುಂದೆ ಹೋಗುವ ಆಟ. ಒಂದು ಸಂಜೆ ನೋಡಲು ಹೋದೆ. ಹತ್ತು ನಿಮಿಷದಲ್ಲಿ ನನಗೆ ತಡೆಯಲಾಗಲಿಲ್ಲ.

ಆ ಆಟದಲ್ಲಿ ಕಾಯುವ ತಂಡದ ಮುಂದಿನ ಸಾಲಿಗೆ ಡಿಫೆನ್ಸಿವ್ ಲೈನ್ ಎನ್ನುತ್ತಾರೆ. ನಾಲ್ಕು ಜನ, ತಂಡದಲ್ಲೇ ಎಲ್ಲರಿಗಿಂತ ದಢೂತಿಗಳು. ಚೆಂಡು ಅಲ್ಲಾಡಿದ ಕ್ಷಣ ಎದುರಿನವರನ್ನು ಸೀಳಿಕೊಂಡು ನುಗ್ಗಿ ಚೆಂಡು ಎಸೆಯುವವನನ್ನು ಹಿಡಿಯಬೇಕು. ಚೆಂಡು ಅಲ್ಲಾಡುವ ಮುಂಚೆಯೇ ಗೆರೆ ದಾಟಿದರೋ, ಎದುರಾಳಿಗೆ ಐದು ಗಜ ಪುಕ್ಕಟೆ. ನಮ್ಮ ಹುಡುಗರೋ, ತೆಂಗಿನ ಮರದ ಥರ ನೆಟ್ಟಗೆ ನಿಂತು, ಚೆಂಡು ಏಳುವ ಮುಂಚೆ ಎದುರಿನ ಎಸೆಯುವವನು ಕೂಗುವ ಎಣಿಕೆಗೇ ಹಾರುತ್ತಿದ್ದರು. "ಅಯ್ಯೋ ಕರ್ಮವೇ, ಸೊಂಟ ಬಗ್ಗಿಸ್ರೋ!" ಎಂದು ನಾನು ಗೆರೆಯ ಆಚೆಯಿಂದ ಕನ್ನಡದಲ್ಲೇ ಕಿರುಚಿದೆ. ಮುಂದಿನ ವಾರ ಅವರೇ ಕರೆದರು. ಎರಡು ವರ್ಷ ಸಹಾಯಕಿ, ಆಮೇಲೆ ಜರ್ಮನ್‌ನಲ್ಲೇ ಪರೀಕ್ಷೆ ಬರೆದು ತರಬೇತುದಾರರ ಲೈಸೆನ್ಸ್, ಆಮೇಲೆ ಡಿಫೆನ್ಸಿವ್ ಲೈನಿನ ಕೋಚ್.

ಕಲಿಸಿದ್ದು ಎರಡೇ ಸಂಗತಿ. ಒಂದು ಬಸ್ಕಿ. ಆ ಪದವನ್ನೇ ಅವರು ಕಲಿತರು; "ಕೋಚ್, ಇನ್ನೆಷ್ಟು ಬಸ್ಕಿ?" ಎಂದು ಗೋಳಾಡುತ್ತಿದ್ದರು. ಇನ್ನೊಂದು, ಮಂಡ್ಯದ ನಮ್ಮ ಕಬಡ್ಡಿ ಮೇಷ್ಟ್ರ ಪಾಠ. ರೈಡರ್ ಒಳಗೆ ಬಂದಾಗ ಮೇಷ್ಟ್ರು ಅಂಚಿನಲ್ಲಿ ನಿಂತು ಬೇಕೆಂದೇ ತಪ್ಪು ಹೊತ್ತಿನಲ್ಲಿ "ಹಿಡಿ, ಹಿಡಿ!" ಎಂದು ಅರಚುತ್ತಿದ್ದರು. ಅವರ ದನಿಗೆ ಕದಲಿದವಳು ಮೈದಾನ ಸುತ್ತಬೇಕು. ಕಾಲು ನೋಡಬೇಕು, ಕೂಗು ಕೇಳಬಾರದು. ನಾನೂ ಹಾಗೇ ಮಾಡಿದೆ. ಹುಡುಗರನ್ನು ಸಾಲಾಗಿ ಕೂರಿಸಿ, ಎದುರಿಗೆ ಚೆಂಡಿನ ಮೇಲೆ ಕೈಯಿಟ್ಟುಕೊಂಡು ನಾನು ಕೂತು, "ಒಂದೂ... ಎರಡೂ... ಮೂರ್!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಚೆಂಡು ಮಾತ್ರ ಅಲ್ಲಾಡಿಸುತ್ತಿರಲಿಲ್ಲ. ಹಾರಿದವನಿಗೆ ಇಪ್ಪತ್ತು ಬಸ್ಕಿ. ಎಲ್ಲ ಸುಮ್ಮನಾದ ಮೇಲೆ, ಮೆಲ್ಲಗೆ, ಚೆಂಡು ಎತ್ತುತ್ತಿದ್ದೆ. ಎರಡು ತಿಂಗಳಲ್ಲಿ ಅವರು ಕಿವಿಯ ಬಳಿ ಪಟಾಕಿ ಹೊಡೆದರೂ ಕದಲದ ಹಾಗಾದರು. ನಾವು ಲೀಗ್ ಗೆದ್ದೆವು, ಒಂದಲ್ಲ ಎರಡು ಸಲ.

ಹೆಡ್ ಕೋಚ್ ಆಗ ನನ್ನ ಬೆನ್ನು ತಟ್ಟುತ್ತಿದ್ದ. ಒಳ್ಳೆಯ ಎತ್ತರ, ಒಳ್ಳೆಯ ಮಾತು, ಕುತ್ತಿಗೆಗೆ ಸದಾ ಒಂದು ಸೀಟಿ. ನಾನೂ ದಡ್ಡಿ, ಅವನನ್ನು ನಂಬಿದೆ.

ಆರನೆಯ ವರ್ಷದ ಚಳಿಗಾಲದಲ್ಲಿ ಕೋಚ್‌ಗಳಿಗೆಂದೇ ಒಂದು ಶನಿವಾರದ ತರಬೇತಿ ಇತ್ತು. ಬೇರೆ ಬೇರೆ ಊರಿನವರು ಬಂದಿದ್ದರು. ನಮ್ಮ ಹೆಡ್ ಕೋಚ್ ವೇದಿಕೆ ಹತ್ತಿ "ನಾನು ಬೆಳೆಸಿದ ಒಂದು ಪದ್ಧತಿ" ಎಂದು ಶುರುಮಾಡಿದ. ಪರದೆಯ ಮೇಲೆ ನನ್ನ ಹುಡುಗರು, ನನ್ನ ಡ್ರಿಲ್. ನಾನು ಕಾಣುವುದು ಮಾತ್ರ ಗ್ಲೌಸ್ ಹಾಕಿದ ಒಂದು ಕೈಯಷ್ಟೇ. ನನ್ನ ಕೂಗು ಎಲ್ಲೂ ಇಲ್ಲ. ಅದನ್ನು ತೆಗೆದು ಅದರ ಜಾಗದಲ್ಲಿ ಢಂಢಂ ಎಂದು ಯಾವುದೋ ಮ್ಯೂಸಿಕ್ ಹಾಕಿದ್ದ. ಜನ ಚಪ್ಪಾಳೆ ತಟ್ಟಿದರು. ನಾಲ್ಕನೆಯ ಸಾಲಿನಲ್ಲಿ ಕೂತ ನನ್ನ ಮೈ ಉರಿದುಹೋಯಿತು.

ಕಾಫಿಯ ಹೊತ್ತಿನಲ್ಲಿ ಹಿಡಿದು ಕೇಳಿದೆ, "ನನ್ನ ದನಿ ಯಾಕೆ ತೆಗೆದೆ?"

"ಯಾರಿಗೂ ಅರ್ಥವಾಗದ ಭಾಷೆಯ ಕಿರುಚಾಟ ಅಲ್ಲವಾ? ಕೇಳುವವರಿಗೆ ತೊಂದರೆ. ಡ್ರಿಲ್ ಮುಖ್ಯ, ಗಲಾಟೆಯಲ್ಲ."

"ನನ್ನ ಹೆಸರು?"

"ನೋಡು, ನೀನು ತುಂಬಾ ಉತ್ಸಾಹದ ಸ್ವಯಂಸೇವಕಿ. ಆದರೆ ಪದ್ಧತಿ ತಂಡದ್ದು. ಅದನ್ನು ಯಾರು ಬೇಕಾದರೂ ಕಲಿಸಬಹುದು."

ಯಾರು ಬೇಕಾದರೂ! ಮರುವಾರ ಅದನ್ನು ತೋರಿಸಿಯೂ ಬಿಟ್ಟ. ಅವನ ಹಳೆಯ ಗೆಳೆಯನೊಬ್ಬ ಡಿಫೆನ್ಸಿವ್ ಲೈನಿಗೆ ಬರುತ್ತಾನೆ, ನಾನು ಬೇಸಿಗೆಯ ಉತ್ಸವದ ತಿಂಡಿ ಮೇಜು ನೋಡಿಕೊಳ್ಳಬೇಕು, ನನ್ನ ಸಮೋಸ ಎಲ್ಲರಿಗೂ ಇಷ್ಟ ಎಂದು ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ. ಸಮೋಸ! ನಾನು ಜನ್ಮದಲ್ಲಿ ಸಮೋಸ ಮಾಡಿದವಳಲ್ಲ. ಅದು ಅಂಗಡಿಯಿಂದ ತಂದದ್ದು. "ಡ್ರಿಲ್ ನನ್ನದು, ಕೋಚ್ ನಾನು" ಎಂದು ಅಲ್ಲೇ ಬರೆದೆ. ಐದು ನಿಮಿಷದಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದ. ಕರಿಬೇವಿನ ಸೊಪ್ಪಿನ ಹಾಗೆ, ಘಮ ಬಿಟ್ಟ ಮೇಲೆ ತಟ್ಟೆಯ ಅಂಚಿಗೆ.

ಆಗ ನಮ್ಮ ಮನೆ ಡ್ರೆಸ್ಡೆನ್‌ನಲ್ಲಿ. ಗಂಡ ಅಲ್ಲಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಿಂದ ಬಂದು ಶೂ ಬಿಚ್ಚುತ್ತಿದ್ದ. ಫೋನ್ ಅವನ ಮುಖಕ್ಕೆ ಹಿಡಿದೆ.

"ಬಿಟ್ಹಾಕೇ ಅತ್ಲಾಗೆ," ಎಂದ. "ವೀಕೆಂಡ್ ಆದ್ರೂ ಉಳೀತು ನಮಗೆ. ಟ್ರೈನು ಲೇಟು, ಫೆರ್‌ಶ್ಪೇಟುಂಗು ಅಂತ ಒದ್ದಾಡೋದು ತಪ್ಪಿತು."

"ಬಿಡೋದಾ? ಇದು ಅವಳ ಕೆಲಸ ಅಂತ ಅವನ ಬಾಯಲ್ಲೇ ಹೇಳಿಸ್ತೀನಿ. ಅವನ ಹುಡುಗರ ಮುಂದೇನೇ."

"ಹೇಳ್ದೇ ಇದ್ರೆ?"

"ಹೇಳ್ದೇ ಇದ್ರೆ ಅವನ ಮೂತಿ ನೋಡೋ ಭಾಗ್ಯ ಆದ್ರೂ ಸಿಗುತ್ತಲ್ಲ."

ಅವನು ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದ. "ನೀನು ಸೀರಿಯಸ್ಸಾ? ಒಬ್ಬನ ಮೇಲೆ ಒಂದು ವರ್ಷ ಹಗೆ ಸಾಧಿಸ್ತೀಯಾ?"

"ಒಂದೇ ವರ್ಷ ಅಂತ ಯಾರು ಹೇಳಿದ್ದು?"

ಅದೇ ಲೀಗಿನಲ್ಲಿ ಎಲ್ಲರಿಗಿಂತ ಕೊನೆಯಲ್ಲಿದ್ದ ತಂಡಕ್ಕೆ ಹೋದೆ. ಚಿಕ್ಕ ಊರು, ಹೆಂಗಸರಿಗೆ ಬಟ್ಟೆ ಬದಲಿಸಲು ಪ್ರಥಮ ಚಿಕಿತ್ಸೆಯ ಕೋಣೆ. ಅಲ್ಲಿನ ಹೆಡ್ ಕೋಚ್ ನಿವೃತ್ತ ಬಸ್ ಡ್ರೈವರ್, ಮಾತು ಕಡಿಮೆ. ನಿನಗೇನು ಬೇಕು ಎಂದು ಕೇಳಿದರು. "ಒಂದೇ ಒಂದು ಮ್ಯಾಚ್ ಗೆಲ್ಲಬೇಕು" ಎಂದೆ, ಯಾವುದೆಂದೂ ಹೇಳಿದೆ. ಅವರು ಏನೂ ಕೇಳದೆ ಸಾಮಾನು ಕೋಣೆಯ ಬೀಗದ ಕೈ ಕೊಟ್ಟರು.

ನಮ್ಮ ಲೀಗಿನಲ್ಲಿ ತಂಡಗಳು ಆಡಿದ ಮ್ಯಾಚ್‌ನ ವಿಡಿಯೊ ಒಬ್ಬರಿಗೊಬ್ಬರು ಕೊಡಬೇಕು. ಮರುವರ್ಷ ಭಾನುವಾರದ ಮಧ್ಯಾಹ್ನ ಊಟ ಮುಗಿಸಿ ಅವನ ತಂಡದ ವಿಡಿಯೊ ಹಾಕಿಕೊಂಡು ಕೂರುತ್ತಿದ್ದೆ. ನಾನು ಬೆಳೆಸಿದ ಹುಡುಗರು ಅಷ್ಟರಲ್ಲಿ ಓದು ಮುಗಿಸಿ ಹೋಗಿದ್ದರು. ನಾಲ್ವರೂ ಹೊಸಬರು. ಬಸ್ಕಿ ಚೆನ್ನಾಗಿ ಹೊಡೆದಿದ್ದಾರೆ, ಸೊಂಟ ಬಗ್ಗಿದೆ, ಚೆಂಡು ಅಲ್ಲಾಡಿದರೆ ಬಾಣದ ಹಾಗೆ ನುಗ್ಗುತ್ತಾರೆ. ಮೂರನೆಯ ಭಾನುವಾರ ಕಣ್ಣಿಗೆ ಬಿತ್ತು ನೋಡಿ: ಎದುರಿನ ತಂಡದ ಎಸೆಯುವವನು ಒಂದೇ ಒಂದು ಸಲ ದನಿ ಏರಿಸಿ ಕೂಗಿದ. ಬಲತುದಿಯ ಕೆಂಪು ಗಡ್ಡದ ಹುಡುಗ ಚೆಂಡಿಗೆ ಮುಂಚೆಯೇ ಗೆರೆ ದಾಟಿದ. ಹಿಂದೆ ತಿರುಗಿಸಿ ಐದು ಸಲ ನೋಡಿದೆ. ಇವರು ಕಲಿತದ್ದು ಆ ವಿಡಿಯೊ ನೋಡಿ! ಕೂಗು ಕತ್ತರಿಸಿದ ಪಾಠ. ಕೂಗಿಗೆ ಕದಲಬಾರದು ಎಂದು ಅವರಿಗೆ ಯಾರೂ ಹೇಳಿಯೇ ಇಲ್ಲ.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎದ್ದು ಅಡುಗೆಮನೆಗೆ ಹೋಗಿ ಒಬ್ಬಳೇ ತೊಡೆ ತಟ್ಟಿದೆ.

ನಮ್ಮ ತಂಡದಲ್ಲಿ ಚೆಂಡು ಎಸೆಯುವವನು ಗಣಿತ ಓದುವ ತೆಳ್ಳಗಿನ ಹುಡುಗ. ಡ್ರೈವರ್ ಸಾಹೇಬರ ಒಪ್ಪಿಗೆ ಪಡೆದು ಅವನಿಗೆ ಎಣಿಸುವುದನ್ನು ಕಲಿಸಿದೆ. "ಎರಾಡು" ಎನ್ನುತ್ತಿದ್ದ, ಹಾಳಾಗಿಹೋಗಲಿ, ನನಗೆ ಬೇಕಾದದ್ದು "ಮೂರ್!" ಮಾತ್ರ. ಅದನ್ನು ಹೊಟ್ಟೆಯಿಂದ ಕೂಗಬೇಕು, ಆಮೇಲೆ ಉಸಿರು ಬಿಡುವಷ್ಟು ಹೊತ್ತು ಸುಮ್ಮನಿರಬೇಕು, ಆಮೇಲೆ ಚೆಂಡು. ನಮ್ಮವರು ಯಾರೂ ಕದಲಬಾರದು. ಆರು ವಾರ ಅದೊಂದನ್ನೇ ಮಾಡಿಸಿದೆ. ಅದುವರೆಗಿನ ಮ್ಯಾಚ್‌ಗಳಲ್ಲಿ ಅದನ್ನು ಒಂದು ಸಲವೂ ಬಳಸಗೊಡಲಿಲ್ಲ. ಎರಡು ಸೋತೆವು, ಸೋಲಲಿ ಬಿಡಿ.

ಮೇ ತಿಂಗಳ ಒಂದು ಶನಿವಾರ ನನ್ನ ಹಳೆಯ ಹೆಡ್ ಕೋಚ್ ತನ್ನ ತಂಡವನ್ನು ಬಸ್ಸಿನಲ್ಲಿ ಕರೆದುಕೊಂಡು ನಮ್ಮ ಮೈದಾನಕ್ಕೆ ಬಂದ. ನನ್ನನ್ನು ನೋಡಿ ಕೈ ಬೀಸಿದ, ಹಳೆಯ ಸ್ನೇಹಿತರ ಹಾಗೆ. ನಾನೂ ಬೀಸಿದೆ.

ಮೊದಲ ಸಲವೇ, "ಒಂದೂ... ಎರಾಡೂ... ಮೂರ್!"

ಕೆಂಪು ಗಡ್ಡ ಹಾರಿದ. ತಪ್ಪು ಎಂದು ಅಂಪೈರ್ ಹಳದಿ ಬಟ್ಟೆ ಎಸೆದರು. ಐದು ಗಜ. ಮತ್ತೆ "ಮೂರ್!", ಈ ಸಲ ಇಬ್ಬರು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಸಿಗುವ ಆಟದಲ್ಲಿ, ನಾವು ಚೆಂಡು ಮುಟ್ಟದೆಯೇ ಹತ್ತು ಗಜ ಹೋಗಿದ್ದೆವು. ನಮ್ಮ ಕಡೆ ಜನ ಎದ್ದು ನಿಂತರು. ಅವರ ಹೆಡ್ ಕೋಚ್ ಅಂಚಿನಲ್ಲಿ ನಿಂತು ಕೂಗಾಡಿದ. ಅವನ ಕೂಗಿಗೂ ಹುಡುಗರು ಹಾರಿದರು. ಎರಡನೆಯ ಅರ್ಧಕ್ಕೆ ಅವರಿಗೆ ಎಷ್ಟು ಹೆದರಿಕೆಯಾಯಿತೆಂದರೆ ಚೆಂಡು ಎದ್ದ ಮೇಲೂ ಏಳಲಿಲ್ಲ. ನಮ್ಮ ಗಣಿತದ ಹುಡುಗ ಆರಾಮಾಗಿ ನಿಂತು ಬೇಕಾದವರಿಗೆ ಚೆಂಡು ಎಸೆದ. ನಾವು ನಾಲ್ಕು ಅಂಕದಿಂದ ಗೆದ್ದೆವು. ಆ ಹೆಡ್ ಕೋಚ್‌ನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಕಣ್ತುಂಬ ನೋಡಿದೆ.

ಕೈಕುಲುಕುವಾಗ "ಅಭಿನಂದನೆ. ಒಳ್ಳೆಯ ಟ್ರಿಕ್" ಎಂದ.

"ಟ್ರಿಕ್ ಅಲ್ಲ. ಯಾರ ಕೆಲಸ ಅಂತ ಹೇಳು. ಅಲ್ಲಿ, ನಿನ್ನ ಹುಡುಗರ ಮುಂದೆ."

ಅವನು ನಕ್ಕು ಮುಂದೆ ಹೋದ. ಅಷ್ಟೇ. ಗೆದ್ದಿದ್ದೇನೆ, ಕೈಗೆ ಏನೂ ಸಿಕ್ಕಿಲ್ಲ.

ಅವನ ನಾಲ್ವರು ಹುಲ್ಲಿನ ಮೇಲೆ ಕುಸಿದು ಕೂತಿದ್ದರು. ಇವನು ಹೋದವನೇ ಕೆಂಪು ಗಡ್ಡದ ಹುಡುಗನ ಹೆಲ್ಮೆಟ್ಟಿನ ಜಾಲರಿ ಹಿಡಿದು ಎಳೆದ. "ಒಂದು ಡ್ರಿಲ್! ಚಿಕ್ಕ ಮಗುವಿಗೂ ಬರುತ್ತದೆ! ಎಷ್ಟು ಸಲ ಹೇಳಿಕೊಟ್ಟೆ ನಿನಗೆ?" ಆ ಹುಡುಗ ಅಳುತ್ತಿದ್ದ. ನನಗೆ ಒಳಗೆ ಚುರ್ ಎಂದಿತು. ಅವನು ನನಗೇನೂ ಮಾಡಿರಲಿಲ್ಲ. ನಾನು ಅವನ ತಪ್ಪಿಗಾಗಿ ಎಷ್ಟು ಭಾನುವಾರ ಕಾದು ಕೂತಿದ್ದೆ. ಮೈದಾನ ದಾಟಿ ನಡೆದೆ.

"ಅವನಿಗೆ ಯಾಕೆ ಬೈತೀಯ?" ಎಂದು ಎಲ್ಲರಿಗೂ ಕೇಳುವ ಹಾಗೆ ಜರ್ಮನ್‌ನಲ್ಲೇ ಕೇಳಿದೆ. "ಆ ಡ್ರಿಲ್ ನನ್ನದು. ಅದರಲ್ಲಿ ನಾನು ಕೂಗುತ್ತಿದ್ದೆ, ಕೂಗಿಗೆ ಕದಲಬಾರದು ಅನ್ನುವುದೇ ಪಾಠ. ನನ್ನ ದನಿ ಕತ್ತರಿಸಿ ಮ್ಯೂಸಿಕ್ ಹಾಕಿದವನು ನೀನು. ಈ ಮಕ್ಕಳಿಗೆ ಅರ್ಧ ಪಾಠ ಕೊಟ್ಟವನು ನೀನು."

ಕೆಂಪು ಗಡ್ಡ ಹೆಲ್ಮೆಟ್ ತೆಗೆದ. ನನ್ನನ್ನು ನೋಡಿದ, ಆಮೇಲೆ ಅವನನ್ನು. "ಆ ವಿಡಿಯೊದಲ್ಲಿರೋ ಕೈ ನಿಮ್ಮದು ಅಂತ ಹೇಳಿದ್ರಲ್ಲ, ಕೋಚ್?"

ಹೌದಂತೆ. ನನ್ನ ಕೈಯನ್ನೂ ತನ್ನದು ಎಂದಿದ್ದನಂತೆ. ಬೇರೆ ಹೊತ್ತಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ಅವನು ತನ್ನ ಕೈಗಳನ್ನು ಜೇಬಿಗೆ ಹಾಕಿಕೊಂಡ. ಕೊನೆಗೆ "ಬಸ್ ಹೊರಡುತ್ತೆ, ಏಳಿ" ಎಂದ.

ಯಾರೂ ಏಳಲಿಲ್ಲ. ಇನ್ನೊಂದು ಸಲ ಹೇಳಿದ, ಜೋರಾಗಿ. ನಾಲ್ವರಲ್ಲಿ ಒಬ್ಬನೂ ಕದಲಲಿಲ್ಲ. ಅವನು ಸೀಟಿಯನ್ನು ಅಂಗಿಯೊಳಗೆ ತೂರಿಸಿಕೊಂಡು ಒಬ್ಬನೇ ಬಸ್ಸಿನ ಕಡೆ ನಡೆದ. ಅವನು ಮೆಟ್ಟಿಲು ಹತ್ತುವವರೆಗೂ ನಾನು ಆ ಬೆನ್ನನ್ನೇ ನೋಡುತ್ತಾ ನಿಂತೆ. ಒಂದು ಸಲ ತಿರುಗು, ಒಂದೇ ಒಂದು ಸಲ ತಿರುಗು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು, ಯಾಕೆಂದರೆ ನಾನು ನಗುತ್ತಿದ್ದೆ, ಅದನ್ನು ಅವನು ನೋಡಬೇಕಿತ್ತು.